ಸ್ಕೂಪ್ ಬ್ಯಾಟ್ ಪರೀಕ್ಷೆಗೆ ಫೋನಿನ ಸ್ಲೋ ಮೋಷನ್ ಸಾಕೇ? ಮಾಡಿ ನೋಡಿದವರು ಹೇಳಿ

ಬೆಳಗಾವಿ, ಮೆಕ್ಯಾನಿಕಲ್ ಕೊನೆಯ ವರ್ಷ:
ನಮ್ಮ ಕಡೆ ಟೆನಿಸ್ ಬಾಲ್ ಟೂರ್ನಮೆಂಟುಗಳಲ್ಲಿ ಈಗ ಬೆನ್ನು ಕೊರೆದ ಸ್ಕೂಪ್ ಬ್ಯಾಟಿನದೇ ಕಾರುಬಾರು. ಅದರಿಂದ ಚೆಂಡು ನಿಜಕ್ಕೂ ಜೋರಾಗಿ ಹೋಗುತ್ತದೋ, ಇಲ್ಲಾ ಹಗುರ ಇರುವುದರಿಂದ ಬೀಸಲು ಸಲೀಸು ಅಷ್ಟೆಯೋ? ಇದೇ ನಮ್ಮ ಪ್ರಾಜೆಕ್ಟ್. ಹೈಸ್ಪೀಡ್ ಕ್ಯಾಮೆರಾದ ಬಾಡಿಗೆ ನಮ್ಮ ಕೈಗೆ ಎಟುಕುವಂತಿಲ್ಲ. ಸೆಕೆಂಡಿಗೆ 240 ಫ್ರೇಮ್ (ಬಿಡಿ ಚಿತ್ರ) ತೆಗೆಯುವ ಫೋನ್ ಇದೆ.

ಬಾಗಲಕೋಟೆ, ಭೌತಶಾಸ್ತ್ರ ಉಪನ್ಯಾಸಕಿ:
ಸಾಕು, ಏನನ್ನು ಅಳೆಯಬೇಕೆಂದು ಮೊದಲೇ ತೀರ್ಮಾನಿಸಿದರೆ. ಟೆನಿಸ್ ಚೆಂಡು ಬ್ಯಾಟಿಗೆ ತಾಗಿಕೊಂಡಿರುವುದು ಸುಮಾರು 4–5 ಮಿಲಿಸೆಕೆಂಡು. ನಿಮ್ಮ ಫೋನಿನ ಎರಡು ಫ್ರೇಮುಗಳ ನಡುವಿನ ಅಂತರವೇ 4.2 ಮಿಲಿಸೆಕೆಂಡು. ಚೆಂಡು ಅಪ್ಪಚ್ಚಿಯಾಗುವ ದೃಶ್ಯ ಒಂದು ಫ್ರೇಮಿನಲ್ಲಿ ಸಿಕ್ಕರೆ ಪುಣ್ಯ. ಲೆದರ್ ಚೆಂಡಾದರೆ ಸುಮಾರು 1 ಮಿಲಿಸೆಕೆಂಡು, ಆ ಆಸೆಯನ್ನೇ ಬಿಡಿ.

ಆದರೆ ನಿಮ್ಮ ಪ್ರಶ್ನೆಗೆ ಆ ದೃಶ್ಯ ಬೇಡವೇ ಬೇಡ. ಬಡಿಯುವ ಮುಂಚಿನ ವೇಗ, ಬಡಿದ ಮೇಲಿನ ವೇಗ, ಇವೆರಡರ ಅನುಪಾತ ಸಾಕು. ಇದರಲ್ಲೊಂದು ಲಾಭವೂ ಇದೆ. ಕ್ಯಾಮೆರಾ 5 ಮೀಟರ್ ದೂರದಲ್ಲಿದ್ದು, ಅಳತೆಪಟ್ಟಿ ಚೆಂಡಿನ ದಾರಿಗಿಂತ ಅರ್ಧ ಮೀಟರ್ ಹಿಂದಿದ್ದರೆ ವೇಗದಲ್ಲಿ ಹತ್ತಿರ ಹತ್ತಿರ ಶೇಕಡಾ 10ರಷ್ಟು ತಪ್ಪು ಬರುತ್ತದೆ. ಚೆಂಡು ಬಂದ ದಾರಿಯಲ್ಲೇ ಹಿಂತಿರುಗಿದರೆ ಅನುಪಾತದಲ್ಲಿ ಆ ತಪ್ಪು ತಾನಾಗಿ ಹೊಡೆದುಹೋಗುತ್ತದೆ.

ಬ್ಯಾಟನ್ನು ವೈಸಿನಲ್ಲಿ (ವರ್ಕ್‌ಶಾಪಿನ ಕಬ್ಬಿಣದ ಹಿಡಿಕದಲ್ಲಿ) ಬಿಗಿಯಬೇಡಿ. ಬ್ಲೇಡನ್ನೇ ಬಿಗಿದರೆ ಅದು ಗೋಡೆಯಂತಾಗಿ ಹಗುರ ಬ್ಯಾಟು, ಭಾರದ ಬ್ಯಾಟು ಎರಡೂ ಒಂದೇ ಉತ್ತರ ಕೊಡುತ್ತವೆ. ಹಿಡಿಯನ್ನು ದಾರದಿಂದ ತೂಗುಹಾಕಿ. ಕೈಯ ಹಿಡಿತದ ಪ್ರಭಾವ ಮರದೊಳಗಿಂದ ಬಂದು ತಲುಪುವಷ್ಟರಲ್ಲಿ ಚೆಂಡು ಬಹುಪಾಲು ಹೊರಟೇ ಹೋಗಿರುತ್ತದೆ. ಹಾಗಾಗಿ ತೂಗುಹಾಕಿದ ಬ್ಯಾಟು ಆಟಕ್ಕೆ ತೀರಾ ದೂರದ್ದೇನಲ್ಲ. ಆಮೇಲೆ ಒಬ್ಬನೇ ಆಟಗಾರನ ಕೈಗೆ ಎರಡೂ ಬ್ಯಾಟು ಕೊಟ್ಟು ಬೀಸುವ ವೇಗವನ್ನು ಬೇರೆಯಾಗಿ ಅಳೆಯಿರಿ. ಎರಡನ್ನೂ ಒಂದೇ ವಿಡಿಯೊದಲ್ಲಿ ಹುಡುಕಹೊರಟರೆ ನಿಮ್ಮ ಪ್ರಶ್ನೆಗೆ ಎಂದೂ ಉತ್ತರ ಸಿಗದು.

ವಿಜಯಪುರ, ಸೈಕ್ಲಿಂಗ್ ಹುಡುಗರ ವಿಡಿಯೊ ತೆಗೆಯುವವ:
ಫ್ರೇಮ್ ಇರಲಿ, ಮೊದಲ ಬೆಳಕು ನೋಡ್ರಿ. ತಾಸಿಗೆ 108 ಕಿಲೋಮೀಟರ್ ಅಂದ್ರ ಸೆಕೆಂಡಿಗೆ 30 ಮೀಟರ್. ಶಟರ್ (ಒಂದು ಫ್ರೇಮಿಗೆ ಬೆಳಕು ಬೀಳೋ ಹೊತ್ತು) 1/240 ಸೆಕೆಂಡ್ ಇದ್ರ ಒಂದು ಫ್ರೇಮಿನ್ಯಾಗ ಬಾಲ್ 12 ಸೆಂಟಿಮೀಟರ್ ಓಡಿರ್ತದ. ಬಾಲ್ ಕಾಣಂಗಿಲ್ಲ, ಹಸಿರು ಪಟ್ಟಿ ಕಾಣ್ತದ. 1/2000 ಇಟ್ರ ಒಂದೂವರೆ ಸೆಂಟಿಮೀಟರ್, ನಡೀತದ. ಆದ್ರ ಅಷ್ಟಕ್ಕ ಮಟಮಟ ಮಧ್ಯಾಹ್ನದ ಬಿಸಿಲೇ ಬೇಕು. ಒಳಗ ಟ್ಯೂಬ್‌ಲೈಟಿನ್ಯಾಗ ತೆಗೀಬ್ಯಾಡ್ರಿ, ಕರೆಂಟ್ 50 ಹರ್ಟ್ಸ್ ಇರೋದ್ರಿಂದ ಬೆಳಕು ಸೆಕೆಂಡಿಗೆ 100 ಸಲ ಮಿಣುಕತದ, ವಿಡಿಯೊ ಹಚ್ಚಿದ್ರ ತಲಿ ತಿರುಗತದ. ಹಿಂದ ಕರೀ ಕಂಬಳಿ ಕಟ್ರಿ.

ಇನ್ನೊಂದು. ಫೋನು ಚಿತ್ರಾನ ಸಾಲು ಸಾಲಾಗಿ ಓದತದ. ಜೋರು ತಿರುಗೋ ಗಾಲಿ ಕಡ್ಡಿ ನಮ್ಮ ವಿಡಿಯೊದಾಗ ಡೊಂಕ ಕಾಣ್ತಾವ, ನಿಮ್ಮ ಬ್ಯಾಟೂ ಹಂಗ ಬಾಗಿದಂಗ ಕಾಣ್ತದ. ರಿಪೋರ್ಟಿನ್ಯಾಗ "ಬ್ಯಾಟ್ ಬಾಗುತ್ತದೆ" ಅಂತ ಬರದು ವೈವಾದಾಗ ಸಿಕ್ಕೊಂಡೀರಿ!

ಚಿಕ್ಕೋಡಿ:
960 ಅಂತ ಬರೆದಿರುವ ಫೋನು ಸಿಕ್ಕರೆ ಹಿಗ್ಗಬೇಡಿ. ಎಷ್ಟೋ ಫೋನುಗಳು ನಡುವಿನ ಫ್ರೇಮುಗಳನ್ನು ಸಾಫ್ಟ್‌ವೇರಿನಿಂದ ಹುಟ್ಟಿಸಿ ತುಂಬುತ್ತವೆ. ಸ್ಲೋ ಮೋಷನ್ ಫೈಲು ತನ್ನನ್ನು 30 ಫ್ರೇಮ್ ಎಂದು ಹೇಳಿಕೊಳ್ಳುವುದೂ ಉಂಟು; ಕಿನೋವಿಯಾ, ಟ್ರ್ಯಾಕರ್ (ವಿಡಿಯೊದಿಂದ ವೇಗ ಅಳೆಯುವ ಸಾಫ್ಟ್‌ವೇರುಗಳು, ಎರಡೂ ಪುಕ್ಕಟೆ) ಯಾವುದಕ್ಕೆ ಹಾಕಿದರೂ ನಿಜವಾದ ಸಂಖ್ಯೆ ಕೊಡಿ. ಖಾತ್ರಿಗೆ ಚೆಂಡನ್ನು 1 ಮೀಟರ್ ಎತ್ತರದಿಂದ ಕೈಬಿಡಿ. ಸುಮಾರು 0.45 ಸೆಕೆಂಡು, ಅಂದರೆ 240ರಲ್ಲಿ 108 ಫ್ರೇಮಿನ ಆಸುಪಾಸು ಬರಬೇಕು.

ಉದ್ಯಮಬಾಗ, ಮಷೀನ್ ಶಾಪ್:
ಕ್ಯಾಮೆರಾ ಚರ್ಚೆ ಆಯ್ತು, ಬಾಲ್ ಪ್ರತಿ ಸಲ ಅದೇ ಜಾಗಕ್ಕೆ ಬಡಿಯೋದು ಹೆಂಗ? ಕೈಯಿಂದ ಒಗೆದರೆ ಆಗೂದಿಲ್ಲ. ಬೌಲಿಂಗ್ ಮಷೀನ್ ಸಿಗದಿದ್ದರೆ ದಪ್ಪ ಮೆತ್ತನೆ ಫೋಮಿನ ಮೇಲೆ ಬ್ಯಾಟ್ ಮಲಗಿಸಿ, 3 ಮೀಟರ್ ಮೇಲಿಂದ ಬಾಲ್ ಬಿಡ್ರಿ. ಬಾಲ್ ಬಿಡೋ ಜಾಗಕ್ಕೆ ಬಾಲಿಗಿಂತ ಸ್ವಲ್ಪ ಅಗಲದ ಪಿವಿಸಿ ಪೈಪು ಇಟ್ಟರೆ ಗುರಿ ತಪ್ಪೂದಿಲ್ಲ, ಆದರೆ ಪೈಪಿನ ಒಳಗೋಡೆಗೆ ಸವರಬಾರದು. ತೂಕದ ಕಾಟಾ ಬೇಕಾದರೆ ಅಂಗಡಿಗೆ ಬರ್ರಿ.

ಉಪನ್ಯಾಸಕಿ:
ಒಳ್ಳೆಯ ಉಪಾಯ. ಆದರೆ 3 ಮೀಟರ್ ಬಿದ್ದ ಚೆಂಡಿನ ವೇಗ ತಾಸಿಗೆ 28 ಕಿಲೋಮೀಟರ್ ಇದ್ದೀತು. ಅಲ್ಲಿ ಬಂದ ಫಲಿತಾಂಶವನ್ನು ಮ್ಯಾಚಿನ ವೇಗಕ್ಕೆ ಎಳೆದು ತರಬೇಡಿ.

ಜಮಖಂಡಿ:
ಚೆಂಡುಗಳನ್ನು ಮೊದಲು ಆರಿಸಿಕೊಳ್ಳಿ, ಅದಕ್ಕೆ ಕ್ಯಾಮೆರಾನೇ ಬೇಕಿಲ್ಲ. ಟೆನಿಸ್ ನಿಯಮದ ಪ್ರಕಾರ ಸಾಮಾನ್ಯ ಚೆಂಡು 254 ಸೆಂಟಿಮೀಟರ್ ಎತ್ತರದಿಂದ ಗಟ್ಟಿ ನೆಲಕ್ಕೆ ಬಿದ್ದರೆ 135ರಿಂದ 147 ಸೆಂಟಿಮೀಟರ್ ಪುಟಿಯಬೇಕು. ಇದನ್ನು ಫೋನಿನ ಮೈಕಿನಿಂದಲೇ ತಿಳಿಯಬಹುದು. ಆಡಿಯೊ ಸೆಕೆಂಡಿಗೆ 44,100 ಸಲ ದಾಖಲಾಗುತ್ತದೆ, ಯಾವ ಫೋನ್ ಕ್ಯಾಮೆರಾ ಇದರ ಹತ್ತಿರ ಬಂದೀತು? ಟಪ್ ಟಪ್ ಸದ್ದುಗಳ ನಡುವಿನ ಸಮಯವನ್ನು ಆಡಾಸಿಟಿಯಲ್ಲಿ (ಆಡಿಯೊ ಸಾಫ್ಟ್‌ವೇರ್) ನೋಡಿ. ಒಂದು ನೆಗೆತದ ಸಮಯವನ್ನು ಅದರ ಹಿಂದಿನ ನೆಗೆತದ ಸಮಯದಿಂದ ಭಾಗಿಸಿದರೆ ಪುಟಿತದ ವೇಗದ ಅನುಪಾತ ಸಿಗುತ್ತದೆ, ಅದರ ವರ್ಗವೇ ಎತ್ತರದ ಅನುಪಾತ. ಬಿಸಿಲಲ್ಲಿಟ್ಟ ಚೆಂಡು ಹೆಚ್ಚು ಪುಟಿಯುತ್ತದೆ, ನೆರಳಲ್ಲಿ ಇಡಿ.

ಪ್ರಶ್ನೆ ಕೇಳಿದವ:
ಇಲ್ಲಿ ಮಳೆ ಬಿಟ್ಟಿಲ್ಲ, ಬಿಸಿಲು ಎಲ್ಲಿಂದ ತರಲಿ? ಪ್ರತಿ ಜಾಗಕ್ಕೆ ಎಷ್ಟು ಹೊಡೆತ ಬೇಕು?

ವಿಜಯಪುರ:
ಬಿಸಿಲು ನಮ್ಮಲ್ಲಿ ಪುಕ್ಕಟೆ ಅದ, ಬ್ಯಾಟ್ ಹೊತ್ಕೊಂಡು ಬಸ್ ಹತ್ರಿ.

ಉಪನ್ಯಾಸಕಿ:
ತುದಿಯಿಂದ ಪ್ರತಿ 5 ಸೆಂಟಿಮೀಟರಿಗೆ ಗೆರೆ ಎಳೆದು, ಒಂದೊಂದಕ್ಕೂ ಹತ್ತಾದರೂ ಇರಲಿ. ಗೆರೆಯಿಂದ ಎಷ್ಟು ಸರಿದ ಹೊಡೆತವನ್ನು ಕೈಬಿಡುತ್ತೀರಿ ಎಂಬುದನ್ನು ವೇಗ ಲೆಕ್ಕ ಹಾಕುವ ಮೊದಲೇ ಬರೆದಿಡಿ. ವೇಗ ನೋಡಿದ ಮೇಲೆ ಯಾವುದನ್ನೂ ತೆಗೆಯಬೇಡಿ.