ಸಹಾಯ ಬೇಕು: ಇಂಗ್ಲಿಷಿನಲ್ಲಿ ಕಾಲೆಳೆಯುವುದು ಹೇಗೆ?

ನನ್ನ ಬಡ್ತಿಗೆ ಸಹೋದ್ಯೋಗಿಯೊಬ್ಬರು ಅಡ್ಡಗಾಲು ಹಾಕುತ್ತಿದ್ದಾರೆಂದು ಮೇಲಧಿಕಾರಿಗೆ ಇಂಗ್ಲಿಷಿನಲ್ಲಿ ಇಮೇಲ್ ಬರೆದೆ. ‘ಹೀ ಈಸ್ ಪುಲಿಂಗ್ ಮೈ ಲೆಗ್’ ಎಂಬುದೇ ಅದರ ಮುಖ್ಯ ವಾಕ್ಯ. ‘ತಮಾಷೆಗೆ ಇಷ್ಟು ಬೇಸರವೇಕೆ?’ ಎಂದು ನಗುಮುಖದ ಚಿಹ್ನೆಯೊಂದಿಗೆ ಉತ್ತರ ಬಂತು! ನಿಘಂಟು ತೆರೆದರೆ, ಇಲ್ಲದ್ದನ್ನು ನಿಜವೆಂದು ನಂಬಿಸಿ ನಗುವುದಷ್ಟೇ ಅದರ ಅರ್ಥ. ನಮ್ಮ ‘ಕಾಲೆಳೆಯುವುದು’ ಛೇಡಿಸುವುದಕ್ಕೂ ಆಗುತ್ತದೆ, ಮೇಲೇರುವವನನ್ನು ಬೀಳಿಸುವುದಕ್ಕೂ ಆಗುತ್ತದೆ. ಇಂಗ್ಲಿಷಿನ ಕಾಲಿಗೆ ಆ ಎರಡನೆಯ ಬಲವಿಲ್ಲ.

ಹಾಗಾದರೆ ‘ಲಾಟರಿ ಹೊಡೆದಿದೆ’ ಎನ್ನುವ ಗೆಳೆಯನಿಗೆ ‘ಆರ್ ಯೂ ಪುಲಿಂಗ್ ಮೈ ಲೆಗ್?’ ಎಂದು ಕೇಳಿದರೆ ಸರಿಯೇ? ನನ್ನ ದೂರಿಗೆ ‘ಅಂಡರ್‌ಮೈನ್’ ಎಂಬ ಪದ ಹೊಂದುತ್ತದೆಯೇ, ಬೇರೆ ನುಡಿಗಟ್ಟು ಇದೆಯೇ? ಬಲ್ಲವರು ಒಂದು ವಾಕ್ಯ ಬರೆದು ತೋರಿಸಿ. ಸೋಮವಾರದೊಳಗೆ ಇನ್ನೊಂದು ಇಮೇಲ್ ಕಳುಹಿಸಬೇಕಿದೆ.