ಕಿಟಕಿ ಕಟ್ಟೆಯ ಕ್ಯಾಕ್ಟಸ್ ಯಾಕೆ ಹೂ ಬಿಡುತ್ತಿಲ್ಲ?

ಪ್ರಶ್ನೆ: ನಮಸ್ಕಾರ ಸರ್. ನಮ್ಮದು ಚಿಕ್ಕ ಮನೆ, ಬಾಲ್ಕನಿ ಇಲ್ಲ. ಗಿಡಕ್ಕೆ ಅಂತ ಇರುವುದು ಎರಡಡಿಯ ಒಂದು ಕಿಟಕಿ ಕಟ್ಟೆ. ಅಲ್ಲಿ ಮೂರು ವರ್ಷದಿಂದ ಒಂದು ದುಂಡು ಕ್ಯಾಕ್ಟಸ್ ಇದೆ, ಕುಂಡದ ಚೀಟಿಯಲ್ಲಿ ಮ್ಯಾಮಿಲೇರಿಯಾ ಅಂತಿತ್ತು. ವಾರಕ್ಕೊಮ್ಮೆ ತಪ್ಪದೆ ನೀರು ಹಾಕುತ್ತೇನೆ. ತಂದಾಗ ನೆತ್ತಿಯ ಮೇಲೆ ಒಂದು ದೊಡ್ಡ ಹಳದಿ ಹೂವಿತ್ತು, ವರ್ಷವಾದರೂ ಬಾಡಲಿಲ್ಲ. ಆಮೇಲೆ ಒಂದೂ ಬಿಟ್ಟಿಲ್ಲ.

ಉತ್ತರ: ಬಾಡದ ಹೂವಿನ ವಿಷಯ ಮೊದಲು ಮುಗಿಸಿಬಿಡೋಣ. ಅದು ಅಂಟು ಹಾಕಿ ಕೂರಿಸಿದ ಒಣಹೂ. ನಮ್ಮ ನರ್ಸರಿ ಕಸುಬಿನವರೇ ಮಾಡುವ ಕೆಲಸ, ಹೇಳಲು ನಾಚಿಕೆ. ಮ್ಯಾಮಿಲೇರಿಯಾದ ಅಸಲಿ ಹೂ ಸಾಮಾನ್ಯವಾಗಿ ಚಿಕ್ಕದು, ನೆತ್ತಿಯ ಸುತ್ತ ಬಳೆ ತೊಡಿಸಿದ ಹಾಗೆ ಬರುತ್ತದೆ. ಅಂಟು ಇನ್ನೂ ಇದ್ದರೆ ಬಲವಂತವಾಗಿ ಕೀಳಬೇಡಿ, ಗಾಯವಾದ ಕಡೆ ಕೊಳೆಯಬಹುದು.

ಈಗ ನೀರು. ಚಳಿಗಾಲದಲ್ಲೂ ವಾರಕ್ಕೊಮ್ಮೆ ಹಾಕ್ತೀರಿ, ಅಲ್ವಾ? ಹೂ ತಪ್ಪುತ್ತಿರುವುದು ಬಹುಶಃ ಅಲ್ಲೇ. ಈ ಗಿಡಕ್ಕೆ ಆಗ ಎರಡು ಮೂರು ತಿಂಗಳು ನಿದ್ದೆ ಬೇಕು. ನೀರು ಹೆಚ್ಚುಕಮ್ಮಿ ಬಂದ್ ಮಾಡಿ. ಜಾಗ ತಣ್ಣಗಿರಲಿ, 10 ಡಿಗ್ರಿ ಆಸುಪಾಸು ಸಿಕ್ಕರೆ ಇನ್ನೂ ಒಳ್ಳೆಯದು. ಬೆಳಕು ಮಾತ್ರ ಕಮ್ಮಿಯಾಗಬಾರದು. ಗಿಡ ಸ್ವಲ್ಪ ಸೊರಗುತ್ತದೆ, ಹೆದರಬೇಡಿ.

ಪ್ರಶ್ನೆ: ಹೌದು ಸರ್, ಚಳಿಗಾಲದಲ್ಲೂ ಹಾಕ್ತೀನಿ. ಇನ್ನೊಂದು, ಗಿಡದ ತುದಿ ಪೆನ್ಸಿಲ್ ಮೊನೆ ಹಾಗೆ ಚೂಪಾಗಿ, ತಿಳಿ ಹಸಿರಾಗಿದೆ. ಚೆನ್ನಾಗಿ ಬೆಳೀತಿದೆ ಅಂದುಕೊಂಡಿದ್ದೆ.

ಉತ್ತರ: ಅದು ಬೆಳಕು ಹುಡುಕುತ್ತಿರುವ ಲಕ್ಷಣ. ಗಾಜಿಗೆ ಹತ್ತಿರ ಸರಿಸಿ, ಆದರೆ ಎರಡು ವಾರದಲ್ಲಿ ನಿಧಾನವಾಗಿ. ಒಂದೇ ಸಲ ಬಿಸಿಲಿಗಿಟ್ಟರೆ ಸುಟ್ಟ ಕಲೆ ಬಿದ್ದು ಹಾಗೇ ಉಳಿಯುತ್ತದೆ. ಚೂಪಾದ ಭಾಗ ಮತ್ತೆ ದುಂಡಗಾಗಲ್ಲ, ಹೊಸ ಬೆಳವಣಿಗೆ ಸರಿಯಾಗಿ ಬರುತ್ತದೆ.

ಪ್ರಶ್ನೆ: ಇನ್ನೆರಡು ಕುಂಡಕ್ಕೆ ಜಾಗ ಇದೆ. ಯಾವುದು ತರಲಿ?

ಉತ್ತರ: ನನ್ನನ್ನು ಕೇಳಿದರೆ ಒಂದು ರೆಬೂಷಿಯಾ. ನಿಂಬೆಹಣ್ಣಿನಷ್ಟಿರುವಾಗಲೇ ಬುಡದ ಸುತ್ತ ಹೂ ತುಂಬಿಕೊಳ್ಳುತ್ತದೆ. ಗಿಡಕ್ಕಿಂತ ಒಂದು ಬೆರಳು ಅಗಲದ ಕುಂಡ ಸಾಕು. ದೊಡ್ಡದರಲ್ಲಿ ಮಣ್ಣು ಬೇಗ ಒಣಗಲ್ಲ, ಬೇರು ಕೊಳೆಯುತ್ತದೆ. ಇನ್ನೊಂದು ಜಿಮ್ನೋಕ್ಯಾಲಿಸಿಯಂ, ಬಿಸಿಲು ಸ್ವಲ್ಪ ಕಮ್ಮಿಯಾದರೂ ಸಹಿಸುತ್ತದೆ.

ಪ್ರಶ್ನೆ: ಕ್ರಿಸ್ಮಸ್ ಕ್ಯಾಕ್ಟಸ್?

ಉತ್ತರ: ಅದು ಹರಡಿಕೊಂಡು ಜಾಗ ಜಾಸ್ತಿ ತಿನ್ನುತ್ತದೆ. ಬ್ರೆಜಿಲ್ ಕಾಡಿನಲ್ಲಿ ಮರದ ಮೇಲೆ ಬೆಳೆಯುವ ಗಿಡ, ಮರಳುಗಾಡಿನದಲ್ಲ, ಪೂರ್ತಿ ಒಣಗಿಸಬಾರದು. ಮೊಗ್ಗು ಕಟ್ಟಲು ಸುಮಾರು ಆರು ವಾರ ರಾತ್ರಿ 13–14 ಗಂಟೆ ಕತ್ತಲೆ ಬೇಕು. ನಿಮ್ಮ ಕಿಟಕಿ ಇರುವ ಕೋಣೆಯಲ್ಲಿ ರಾತ್ರಿ ಎಷ್ಟು ಹೊತ್ತಿನವರೆಗೆ ದೀಪ ಉರಿಯುತ್ತದೆ ಹೇಳಿ, ಆಮೇಲೆ ನೋಡೋಣ.