ಪುನರ್ಪುಳಿಗೆ 2050ರಲ್ಲಿ ನೆಲೆ ಎಲ್ಲಿ? ನಕ್ಷೆ ಮಾಡಿದವರ ಅನುಭವ

ಪ್ರಶ್ನೆ, ಉಡುಪಿಯಿಂದ: ಹವಾಮಾನ ಬದಲಾದಂತೆ ನಮ್ಮ ಘಟ್ಟದ ಕಾಡಿನಲ್ಲಿ ಪುನರ್ಪುಳಿ (ಕೋಕಂ) ಮರ ಎಲ್ಲಿ ಉಳಿದೀತು ಎಂಬ ನಕ್ಷೆಯನ್ನು ಎಂ.ಎಸ್ಸಿ. ಪ್ರಬಂಧಕ್ಕಾಗಿ ನಕ್ಷೆ ಮಾಡುವ ಉಚಿತ ತಂತ್ರಾಂಶ ಕ್ಯೂಜಿಐಎಸ್‌ನಲ್ಲಿ ಮಾಡಲು ಹೊರಟಿದ್ದೇನೆ. ಎಲ್ಲಿಂದ ತೊಡಗಲಿ? ಮಾಡಿದವರು ದಯವಿಟ್ಟು ತಿಳಿಸಿ.

ಮಂಗಳೂರಿನಿಂದ: ಮೊದಲು ಮರಗಳಿರುವ ಜಾಗಗಳ ಪಟ್ಟಿಯನ್ನು ಸೋಸಿಕೊಳ್ಳಿ. ನಾನು ಸಾಲುಧೂಪದ ಮರದ ಮೇಲೆ ಕೆಲಸ ಮಾಡಿದಾಗ ಮುಕ್ತ ದತ್ತಾಂಶದಲ್ಲಿ ಸಿಕ್ಕಿದ ಬಿಂದುಗಳು ಹೆಚ್ಚುಕಡಿಮೆ ಎಲ್ಲವೂ ಘಾಟಿ ರಸ್ತೆಯ ಅಂಚಿನವು. ಮರ ಕಂಡ ಬಿಂದುಗಳಿಂದ ಅದಕ್ಕೆ ಒಗ್ಗುವ ಹವೆಯನ್ನು ಅಂದಾಜಿಸುವ ತಂತ್ರಾಂಶ ಮ್ಯಾಕ್ಸೆಂಟ್ ಅದನ್ನೇ ನಂಬಿ, ರಸ್ತೆ ಹಾದ ಪಟ್ಟಿಯ ಹವೆಯೇ ಮರಕ್ಕೆ ಒಗ್ಗುವ ಹವೆ ಎಂದು ತೋರಿಸಿತು. ಎರಡು ತಿಂಗಳ ಕೆಲಸ ಬದಿಗಿಟ್ಟು, ನಕ್ಷೆಯನ್ನು ಚೌಕಗಳಾಗಿ ವಿಂಗಡಿಸಿ, ಚೌಕಕ್ಕೆ ಒಂದೇ ಬಿಂದು ಉಳಿಸಿಕೊಂಡು ಮತ್ತೆ ಆರಂಭಿಸಿದೆ. ಪುನರ್ಪುಳಿಗೆ ಇನ್ನೊಂದು ತೊಡಕಿದೆ, ಅದನ್ನು ಹಿತ್ತಿಲಲ್ಲೂ ನೆಡುತ್ತಾರೆ. ನೀರೆರೆದು ಬೆಳೆಸಿದ ಮರ ಕಾಡಿನ ಹವೆಗೆ ಸಾಕ್ಷಿಯಾಗದು. ಅಂಥವನ್ನು ಬಿಟ್ಟುಬಿಡಿ.

ಹವಾಮಾನಕ್ಕೆ ವರ್ಲ್ಡ್‌ಕ್ಲಿಮ್ ಎಂಬ ಜಾಗತಿಕ ದತ್ತಾಂಶ ಉಚಿತ: 1970ರಿಂದ 2000ರವರೆಗಿನ ಸರಾಸರಿ, ಉಷ್ಣತೆ ಮತ್ತು ಮಳೆಯ 19 ಸೂಚಕಗಳು, ಸುಮಾರು ಒಂದು ಕಿಲೋಮೀಟರಿನ ಚೌಕ. ಹತ್ತೊಂಬತ್ತನ್ನೂ ತುರುಕಬೇಡಿ, ಹಲವು ಒಂದರ ನೆರಳಿನಂತೆ ಇನ್ನೊಂದು. ನಾನು ಐದನ್ನು ಇಟ್ಟುಕೊಂಡೆ, ಒಣ ತ್ರೈಮಾಸಿಕದ (ವರ್ಷದ ಅತಿ ಒಣಗಿದ ಮೂರು ತಿಂಗಳ) ಮಳೆಯನ್ನು ಮಾತ್ರ ಬಿಡಲೇ ಇಲ್ಲ. ಕರಾವಳಿಯಲ್ಲಿ ಆಷಾಢದ ಮಳೆಗೆ ಕೊರತೆಯಿಲ್ಲ, ಮರವನ್ನು ಪರೀಕ್ಷಿಸುವುದು ಬೇಸಿಗೆ. 2050ರ ಆಸುಪಾಸಿನ, ಅಂದರೆ 2041–2060ರ, ಅಂದಾಜನ್ನು ಒಂದೇ ಹವಾಮಾನ ಮಾದರಿಯಿಂದ ತೆಗೆಯಬೇಡಿ. ಮೂರು ನಾಲ್ಕನ್ನು ಬಳಸಿ, ಅವು ಒಪ್ಪದ ಜಾಗಗಳನ್ನೂ ನಕ್ಷೆಯಲ್ಲಿ ಕಾಣಿಸಿ. ಸೋಮೇಶ್ವರದಿಂದ ಆಗುಂಬೆಗೆ ಏರುವಲ್ಲಿ ಒಂದೇ ಚೌಕದೊಳಗೆ ನೂರಾರು ಮೀಟರ್ ಎತ್ತರ ಬದಲಾಗುತ್ತದೆ. ಅಲ್ಲಿನ ಬಣ್ಣವನ್ನು ಸ್ಥಳಕ್ಕೆ ಹೋಗದೆ ನಂಬಬೇಡಿ.

ಮಣಿಪಾಲದಿಂದ: ವಿಸ್ತೀರ್ಣ ಅಳೆಯುವ ಮುನ್ನ ನಕ್ಷೆಯನ್ನು ಮೀಟರಿನಲ್ಲಿ ಅಳೆಯುವ ಯುಟಿಎಂ ಪದ್ಧತಿಯ 43 ಉತ್ತರ ವಲಯಕ್ಕೆ, ಅಂದರೆ ಕ್ಯೂಜಿಐಎಸ್‌ನ ಪಟ್ಟಿಯಲ್ಲಿ ಇಪಿಎಸ್‌ಜಿ ಸಂಕೇತ 32643ಕ್ಕೆ, ಬದಲಿಸಿಕೊಳ್ಳಿ. ಅಕ್ಷಾಂಶ ರೇಖಾಂಶದ ಡಿಗ್ರಿಯಲ್ಲಿ ಹೆಕ್ಟೇರು ಲೆಕ್ಕ ಕೂಡುವುದಿಲ್ಲ.

ಕಾರ್ಕಳದಿಂದ: ಹವೆ ಒಗ್ಗಿದರೆ ಸಾಲದು, ಅಲ್ಲಿ ಕಾಡು ಉಳಿದಿರಬೇಕು. ಉಪಗ್ರಹದ ಕಣ್ಣಿಗೆ ರಬ್ಬರ್ ತೋಟವೂ ಕಾಡಿನಷ್ಟೇ ಹಸಿರು. ನನ್ನ ಮೊದಲ ನಕ್ಷೆಯಲ್ಲಿ ನಮ್ಮ ಮನೆಯ ಹಿಂದಿನ ರಬ್ಬರ್ ತೋಟ ದಟ್ಟ ಕಾಡಾಗಿ ಬಂದಿತ್ತು. ರಬ್ಬರ್ ಚಳಿಗಾಲ ಮುಗಿಯುತ್ತಿದ್ದಂತೆ ಎಲೆ ಉದುರಿಸುತ್ತದೆ, ನಿತ್ಯಹರಿದ್ವರ್ಣದ ಕಾಡು ಹಾಗೆ ಬೋಳಾಗುವುದಿಲ್ಲ. ನವೆಂಬರ್ ಮತ್ತು ಜನವರಿ ಕೊನೆಯ ಸೆಂಟಿನೆಲ್-2 ಉಪಗ್ರಹದ ಚಿತ್ರಗಳನ್ನು ಹೋಲಿಸಿದರೆ ಎರಡೂ ಬೇರೆಯಾಗುತ್ತವೆ. ಅಡಿಕೆ ತೋಟ ಈ ಉಪಾಯಕ್ಕೆ ಸಿಗುವುದಿಲ್ಲ, ನಡೆದೇ ನೋಡಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಹಣ್ಣು ಕೆಂಪಾದಾಗ ಹೋದರೆ ಪುನರ್ಪುಳಿ ದೂರದಿಂದಲೇ ಗುರುತು ಸಿಗುತ್ತದೆ. ಅಭಯಾರಣ್ಯದೊಳಗೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಬೇಕು, ಅರ್ಜಿಯನ್ನು ಈಗಲೇ ಕೊಟ್ಟುಬಿಡಿ.